ಹದಿಮೂರನೇ ವಯಸ್ಸಿನ ‘ನನಗಿದು ಬೇಡ’

ಪ್ರಶ್ನೆ: ಮಗಳಿಗೆ 13 ವರ್ಷ, ಮಗನಿಗೆ 12. ಮಗಳು ಗಣಿತದಲ್ಲಿ ತರಗತಿಗೇ ಮುಂದು. ಎರಡು ವರ್ಷದ ಹಿಂದಿನವರೆಗೂ ಕೆಟ್ಟುಹೋದ ಗಡಿಯಾರ, ರಿಮೋಟು ಏನು ಸಿಕ್ಕಿದರೂ ಬಿಚ್ಚಿ ಹರವಿಕೊಂಡು ಕೂರುತ್ತಿದ್ದಳು. ಈಗ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. "ಎಂಜಿನಿಯರಿಂಗ್ ನನಗಲ್ಲ, ಡಾಕ್ಟರ್ ಆಗ್ತೀನಿ, ಇಲ್ಲಾಂದ್ರೆ ಟೀಚರ್" ಅನ್ನುತ್ತಾಳೆ. ಮಗ ಪುಟ್ಟ ಮಕ್ಕಳನ್ನು ಆಡಿಸುವುದರಲ್ಲಿ ಎತ್ತಿದ ಕೈ. ಆದರೆ ಈಗ ಯಾರಾದರೂ ಅದನ್ನು ಹೊಗಳಿದರೆ ಸಿಟ್ಟಾಗುತ್ತಾನೆ. ಮುಂದೇನು ಅಂದರೆ ಗೆಳೆಯರೆಲ್ಲ ಹೇಳುವಂತೆ "ಗೇಮ್ ಡೆವಲಪರ್" ಅನ್ನುತ್ತಾನೆ; ಓದಿನಲ್ಲಿ ಮಾತ್ರ ಉತ್ಸಾಹವೇ ಇಲ್ಲ. ಶಾಲೆಯಲ್ಲಿ ಮಾಡಿಸಿದ ಆಸಕ್ತಿ ಪರೀಕ್ಷೆಯಲ್ಲೂ ಮಗಳಿಗೆ ‘ಸಾಮಾಜಿಕ’, ಮಗನಿಗೆ ‘ಯಾಂತ್ರಿಕ’ ಎಂದೇ ಬಂದಿದೆ. "ಅದೆಲ್ಲ ಹುಟ್ಟುಗುಣ, ಬಿಡು" ಎನ್ನುತ್ತಾರೆ ನಮ್ಮ ಯಜಮಾನರು. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಇದು ನಿಜವಾಗಿಯೂ ಹುಟ್ಟುಗುಣವೇ? ನಾವು ಒತ್ತಾಯ ಮಾಡಬೇಕೇ, ಸುಮ್ಮನಿರಬೇಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡೂ ಸಲ ಕಣ್ಣು ನಿಂತದ್ದು ಆ ಸ್ಕ್ರೂಡ್ರೈವರ್ ಹತ್ತಿರ. ಹನ್ನೊಂದರವರೆಗೆ ಗಡಿಯಾರ ಬಿಚ್ಚುತ್ತಿದ್ದ ಹುಡುಗಿ ಹದಿಮೂರಕ್ಕೆ ಅದನ್ನು ಮುಟ್ಟುವುದಿಲ್ಲ ಅಂದರೆ, ಹುಟ್ಟುಗುಣದ ಮಾತು ಆಮೇಲಿರಲಿ, ಈ ಎರಡು ವರ್ಷದಲ್ಲಿ ಏನಾಯಿತು ಎಂದು ಮೊದಲು ಕೇಳಬೇಕಾಗುತ್ತದೆ.

ಕಡೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಒತ್ತಾಯ ಬೇಡ, ಸುಮ್ಮನಿರುವುದೂ ಬೇಡ. ಈ ವಯಸ್ಸಿನ ಮಕ್ಕಳು "ನಾನು ಇಂಥದ್ದಾಗ್ತೀನಿ" ಎಂದಾಗ ಅರ್ಧ ಕಿವಿ ಕೊಟ್ಟರೂ ನಡೆಯುತ್ತದೆ. "ಅದು ನನಗಲ್ಲ" ಎಂದಾಗ ಎರಡೂ ಕಿವಿ ಕೊಡಬೇಕು.

ನಿಮ್ಮ ಯಜಮಾನರ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ವೃತ್ತಿಯ ಒಲವಿನಲ್ಲಿ ಹೆಣ್ಣು ಗಂಡಿನ ನಡುವೆ ವ್ಯತ್ಯಾಸ ಇದೆ, ಅದು ಸಣ್ಣದೂ ಅಲ್ಲ. ರಾಂಗ್ ಸು, ಜೇಮ್ಸ್ ರೌಂಡ್ಸ್, ಪ್ಯಾಟ್ರಿಕ್ ಆರ್ಮ್‌ಸ್ಟ್ರಾಂಗ್ ಎಂಬ ಸಂಶೋಧಕರು 2009ರಲ್ಲಿ, ಆಸಕ್ತಿಯ ಪ್ರಶ್ನಾವಳಿಗಳನ್ನು ತುಂಬಿದ್ದ 5 ಲಕ್ಷಕ್ಕೂ ಹೆಚ್ಚು ಜನರ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದರು. ಯಂತ್ರ, ಉಪಕರಣ, ವಸ್ತುಗಳ ಜೊತೆಗಿನ ಕೆಲಸದ ಕಡೆ ಗಂಡಸರು ವಾಲಿದ್ದರು, ಜನರ ಜೊತೆಗಿನ ಕೆಲಸದ ಕಡೆ ಹೆಂಗಸರು. ಮನಶ್ಶಾಸ್ತ್ರದವರು ಅಳೆದಿರುವ ಹೆಣ್ಣು ಗಂಡಿನ ವ್ಯತ್ಯಾಸಗಳಲ್ಲಿ ಇದು ದೊಡ್ಡವುಗಳ ಸಾಲಿಗೆ ಸೇರುವಂಥದ್ದು. ಜೀವಶಾಸ್ತ್ರಕ್ಕೂ ಇದರಲ್ಲಿ ಪಾಲಿದೆ. ಜನ್ಮಜಾತ ಅಡ್ರಿನಲ್ ಹೈಪರ್‌ಪ್ಲೇಸಿಯಾ ಎಂಬ ಸ್ಥಿತಿಯಲ್ಲಿ ಹೆಣ್ಣುಕೂಸಿಗೆ ಗರ್ಭದಲ್ಲೇ ಆಂಡ್ರೊಜೆನ್ ಎಂಬ, ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನು ಹೆಚ್ಚಾಗಿ ತಗಲುತ್ತದೆ. ಅಂಥ ಹುಡುಗಿಯರಿಗೆ ವಸ್ತುಗಳ ಜೊತೆಗಿನ ಕೆಲಸದ ಒಲವು ಉಳಿದ ಹುಡುಗಿಯರಿಗಿಂತ ಹೆಚ್ಚು ಎಂದು ಶೆರಿ ಬೆರೆನ್‌ಬಾಮ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ. ಇದನ್ನು ಒಪ್ಪಿಕೊಳ್ಳಲು ಮುಜುಗರಪಡುವವರಿದ್ದಾರೆ. ನನಗೆ ಮುಜುಗರವಿಲ್ಲ, ಯಾಕೆಂದರೆ ಅದೇ ಅಂಕಿಗಳು ಇನ್ನೊಂದು ವಿಷಯವನ್ನೂ ಹೇಳುತ್ತವೆ. ಅಷ್ಟು ದೊಡ್ಡ ವ್ಯತ್ಯಾಸದಲ್ಲೂ, ಲೆಕ್ಕ ಹಾಕಿದರೆ, 100 ಹೆಂಗಸರಲ್ಲಿ ಸುಮಾರು 18 ಮಂದಿಗೆ ವಸ್ತುಗಳ ಕಡೆಗಿನ ಒಲವು ಸರಾಸರಿ ಗಂಡಸಿಗಿಂತ ಹೆಚ್ಚಿರುತ್ತದೆ. ಗಂಡಸರಲ್ಲೂ ಅಷ್ಟೇ ಮಂದಿ ಸರಾಸರಿ ಹೆಂಗಸಿಗಿಂತ ಹೆಚ್ಚಾಗಿ ಜನರ ಕಡೆ ವಾಲಿರುತ್ತಾರೆ. ನಿಮ್ಮ ಮನೆಯಲ್ಲಿ ಬೆಳೆಯುತ್ತಿರುವುದು ಇಬ್ಬರು ಮಕ್ಕಳು, ಎರಡು ಸರಾಸರಿಗಳಲ್ಲ. ಗಡಿಯಾರ ಬಿಚ್ಚುವ ಮಗಳು, ಮಕ್ಕಳನ್ನು ಆಡಿಸುವ ಮಗ ಆ ಹದಿನೆಂಟರಲ್ಲಿ ಸೇರಿದವರಾಗಿರಬಹುದು.

ಸಾಮರ್ಥ್ಯದ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸೋಣ. 2008ರಲ್ಲಿ ಜಾನೆಟ್ ಹೈಡ್ ಮತ್ತು ಸಂಗಡಿಗರು ಅಮೆರಿಕದ 70 ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳ ಗಣಿತ ಪರೀಕ್ಷೆಯ ಅಂಕಗಳನ್ನು ನೋಡಿದಾಗ ಹುಡುಗ ಹುಡುಗಿಯರ ಸರಾಸರಿಗಳ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನು ಆ ಎರಡು ವರ್ಷಗಳ ಕಥೆ.

ನನ್ನ ಬಳಿ ಬರುವ ಮಕ್ಕಳಿಗೆ ನಾನು ಮೊದಲು ಪ್ರಶ್ನಾವಳಿ ಕೊಡುವುದಿಲ್ಲ, ಒಂದು ಕಟ್ಟು ಕಾರ್ಡು ಕೊಡುತ್ತೇನೆ. ಒಂದೊಂದರ ಮೇಲೂ ಒಂದೊಂದು ಕೆಲಸದ ಹೆಸರು. ‘ಬೇಕು’, ‘ಬೇಡ’, ‘ಗೊತ್ತಿಲ್ಲ’ ಎಂದು ಮೂರು ಗುಡ್ಡೆ ಮಾಡಬೇಕು, ಅಷ್ಟೇ. ದೊಡ್ಡವರು ‘ಬೇಕು’ ಗುಡ್ಡೆ ನೋಡಲು ಕಾತರಿಸುತ್ತಾರೆ. ನಾನು ನೋಡುವುದು ಕೈಯ ವೇಗ. ಹದಿಮೂರರ ಒಬ್ಬ ಹುಡುಗಿ ‘ಎಲೆಕ್ಟ್ರಿಷಿಯನ್’, ‘ವೆಲ್ಡರ್’, ‘ಪೈಲಟ್’ ಕಾರ್ಡುಗಳನ್ನು ಪೂರ್ತಿ ಓದುವ ಮೊದಲೇ ‘ಬೇಡ’ಕ್ಕೆ ಹಾಕಿದಳು. ‘ಖಗೋಳ ವಿಜ್ಞಾನಿ’ ಬಂದಾಗ ಕೈ ನಿಂತಿತು. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಅಲ್ಲಿ ಹುಡುಗಿಯರು ಇರ್ತಾರಾ?" ಎಂದು ಕೇಳಿದಳು. ನಕ್ಷತ್ರ, ದೂರದರ್ಶಕ, ಗಣಿತ, ಸಂಬಳ ಯಾವುದರ ಬಗ್ಗೆಯೂ ಪ್ರಶ್ನೆಯಿಲ್ಲ. ಅಲ್ಲಿ ಯಾರಿರುತ್ತಾರೆ, ಅವಳಿಗೆ ಬೇಕಾದದ್ದು ಅಷ್ಟು. ಇನ್ನೊಬ್ಬ ಹುಡುಗ ‘ನರ್ಸ್’ ಕಾರ್ಡನ್ನು ‘ಬೇಡ’ ಗುಡ್ಡೆಗೆ ಹಾಕಿದ್ದಷ್ಟೇ ಅಲ್ಲ, ಮಗುಚಿ ಹಾಕಿದ. ಪಕ್ಕದಲ್ಲಿ ಗೆಳೆಯ ಕೂತಿದ್ದ.

ಈ ‘ಬೇಡ’ದ ವ್ಯಾಕರಣವನ್ನು 1981ರಲ್ಲೇ ಲಿಂಡಾ ಗಾಟ್‌ಫ್ರೆಡ್ಸನ್ ಎಂಬ ಸಂಶೋಧಕಿ ಬರೆದಿಟ್ಟಿದ್ದಾರೆ. ಮಕ್ಕಳು ವೃತ್ತಿಯನ್ನು ಆರಿಸಿಕೊಳ್ಳುವುದಕ್ಕಿಂತ ಮೊದಲು ಒಂದೊಂದಾಗಿ ಹೊರಗೆ ತಳ್ಳುತ್ತಾ ಬರುತ್ತಾರೆ ಎಂಬುದು ಅವರ ವಾದ. ಆರರಿಂದ ಎಂಟರ ಹೊತ್ತಿಗೆ ‘ಹುಡುಗರ ಕೆಲಸ’, ‘ಹುಡುಗಿಯರ ಕೆಲಸ’ ಎಂದು ಬೇಲಿ ಬೀಳುತ್ತದೆ. ಒಂಬತ್ತರಿಂದ ಹದಿಮೂರರಲ್ಲಿ ಅಂತಸ್ತಿನ ಲೆಕ್ಕ ಸೇರುತ್ತದೆ: ಯಾವುದು ಮರ್ಯಾದೆಯ ಕೆಲಸ, ಯಾವುದು ಕೈಗೆಟುಕುವುದಿಲ್ಲ. ನನಗೆ ನಿಜವಾಗಿ ಏನು ಇಷ್ಟ ಎಂಬ ಒಳಗಿನ ಪ್ರಶ್ನೆ ಏಳುವುದು ಹದಿನಾಲ್ಕರ ಆಚೆಗೆ. ಅಷ್ಟರೊಳಗೆ ಬೇಲಿಯ ಹೊರಗೆ ಹೋದದ್ದು ಆಯ್ಕೆಯ ಪಟ್ಟಿಯಲ್ಲೇ ಇರುವುದಿಲ್ಲ, ಹೋದದ್ದು ಮಗುವಿಗೆ ಗೊತ್ತೂ ಆಗಿರುವುದಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವಲ್ಲ, ಮೊಳಕೆಯನ್ನು ಯಾವ ಪಾತಿಯಲ್ಲಿಟ್ಟೆವು ಎಂದು ಆ ಗಾದೆ ಕೇಳುವುದಿಲ್ಲ.

ಈ ಮಾತು ಬರೀ ಸಿದ್ಧಾಂತವಲ್ಲ. ‘ಒಬ್ಬ ವಿಜ್ಞಾನಿಯ ಚಿತ್ರ ಬರಿ’ ಎಂದು ಮಕ್ಕಳಿಗೆ ಹೇಳುವ ಒಂದು ಹಳೆಯ ಪ್ರಯೋಗವಿದೆ. 1960, 70ರ ದಶಕಗಳಲ್ಲಿ ಸುಮಾರು 4,800 ಮಕ್ಕಳು ಬರೆದ ಚಿತ್ರಗಳಲ್ಲಿ ಮಹಿಳಾ ವಿಜ್ಞಾನಿ ಇದ್ದದ್ದು ಕೇವಲ 28ರಲ್ಲಿ. ಅಷ್ಟನ್ನೂ ಬರೆದವರು ಹುಡುಗಿಯರು. ಈಗ ಕಾಲ ಎಷ್ಟೋ ಬದಲಾಗಿದೆ. ಆದರೆ ಡೇವಿಡ್ ಮಿಲ್ಲರ್ ತಂಡ 2018ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ಸಿಕ್ಕ ಚಿತ್ರ ನಿಮ್ಮ ಮಗಳ ಕಥೆಯಂತೆಯೇ ಇದೆ. ಆರು ವರ್ಷದ ಹುಡುಗಿಯರು ಬರೆದ ವಿಜ್ಞಾನಿಗಳಲ್ಲಿ ಶೇ 70ರಷ್ಟು ಮಂದಿ ಹೆಂಗಸರು. ಹದಿನಾರರ ಹುಡುಗಿಯರಲ್ಲಿ ಲೆಕ್ಕ ತಿರುಗುಮುರುಗಾಗಿ ಶೇ 75ರಷ್ಟು ಮಂದಿ ಗಂಡಸರು. ನಿಮ್ಮ ಮಗಳು ಈಗ ನಿಂತಿರುವುದು ಆ ತಿರುವಿನಲ್ಲಿ.

"ಆದರೆ ಹುಡುಗಿಯರಿಗೆ ಆಗಲ್ಲ ಅಂತ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹೇಳಿಲ್ಲ" ಎಂದು ನೀವು ಅನ್ನಬಹುದು. ಹೇಳಿರಲಾರಿರಿ. ಈ ಕಾಲದ ಬೇಲಿ ಅದಕ್ಕಿಂತ ನಯವಾದದ್ದು. ಆಲಿಸನ್ ಮಾಸ್ಟರ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಎರಡು ನಂಬಿಕೆಗಳನ್ನು ಬೇರೆ ಬೇರೆಯಾಗಿ ಅಳೆದರು. ‘ಕಂಪ್ಯೂಟರ್, ಎಂಜಿನಿಯರಿಂಗ್ ಹುಡುಗಿಯರಿಗೆ ಬರುವುದಿಲ್ಲ’ ಎಂಬುದು ಒಂದು, ‘ಹುಡುಗಿಯರಿಗೆ ಅದರಲ್ಲಿ ಆಸಕ್ತಿ ಇರುವುದಿಲ್ಲ’ ಎಂಬುದು ಇನ್ನೊಂದು. ಮಕ್ಕಳಲ್ಲಿ ಹೆಚ್ಚು ಹರಡಿದ್ದದ್ದು ಎರಡನೆಯದು, ಅದೂ ಆರು ವರ್ಷದಷ್ಟು ಎಳೆಯ ವಯಸ್ಸಿನಿಂದ. ಹುಡುಗಿಯರನ್ನು ಹೆಚ್ಚು ದೂರ ಸರಿಸಿದ್ದೂ ಅದೇ. "ಈ ಚಟುವಟಿಕೆಯಲ್ಲಿ ಹುಡುಗಿಯರಿಗೆ ಆಸಕ್ತಿ ಕಡಿಮೆ" ಎಂದು ಹೇಳಿ ಕೊಟ್ಟರೆ, ಆ ಒಂದು ಮಾತಿಗೇ ಹುಡುಗಿಯರ ಉತ್ಸಾಹ ಇಳಿಯಿತು. ಅಂದರೆ ನಿಮ್ಮ ಮಗಳು ತನ್ನನ್ನು ದಡ್ಡಿ ಎಂದುಕೊಂಡಿಲ್ಲ. ತನ್ನಂಥವರಿಗೆ ಇದು ಇಷ್ಟವಾಗುವುದಿಲ್ಲ ಎಂದುಕೊಂಡಿದ್ದಾಳೆ, ಮತ್ತು ಹದಿಮೂರರಲ್ಲಿ ‘ತನ್ನಂಥವರು’ ಎಂಬುದಕ್ಕಿಂತ ದೊಡ್ಡ ಪ್ರಪಂಚ ಯಾವುದೂ ಇಲ್ಲ. "ಹುಟ್ಟುಗುಣ, ಬಿಡು" ಎಂಬ ಮಾತು ಅವಳ ಕಿವಿಗೆ ಬಿದ್ದಿದ್ದರೆ ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಯಜಮಾನರಿಗೆ ಇಷ್ಟನ್ನು ಓದಿ ಹೇಳಿ, ಬೇಸರ ಮಾಡಿಕೊಳ್ಳಲಿಕ್ಕಿಲ್ಲ.

ಶಾಲೆಯ ಪರೀಕ್ಷೆಯ ಬಗ್ಗೆ. ಆಸಕ್ತಿ ಪರೀಕ್ಷೆಗಳನ್ನು ನಾನೂ ಬಳಸುತ್ತೇನೆ. ‘ಯಾಂತ್ರಿಕ’, ‘ಸಾಮಾಜಿಕ’ ಮುಂತಾದ ಆರು ಬಗೆಗಳ ವಿಂಗಡಣೆ ಜಾನ್ ಹಾಲೆಂಡ್ ಎಂಬ ಮನಶ್ಶಾಸ್ತ್ರಜ್ಞರದು, ಉಪಯುಕ್ತವಾದದ್ದೇ. ಆದರೆ ಇದನ್ನು ರಕ್ತಪರೀಕ್ಷೆಯ ವರದಿಯಂತೆ ಓದಬಾರದು. ಪ್ರಶ್ನೆ ಹೇಗಿದೆಯೋ ಉತ್ತರ ಹಾಗೆ. ‘ಕಾರಿನ ಎಂಜಿನ್ ರಿಪೇರಿ ಮಾಡಲು ಇಷ್ಟವೇ?’ ಎಂದು ಕೇಳಿದರೆ ಒಂದು ಉತ್ತರ, ‘ಸಣ್ಣ ಉಪಕರಣದ ಒಳಗೆ ಏನಿದೆ ಎಂದು ಬಿಚ್ಚಿ ನೋಡಲು ಇಷ್ಟವೇ?’ ಎಂದರೆ ಇನ್ನೊಂದು. ಮೇಲೆ ಹೇಳಿದ ರಾಂಗ್ ಸು ಅವರ ತಂಡವೇ ಕಂಡುಕೊಂಡಂತೆ, ಪ್ರಶ್ನೆಗಳನ್ನು ಹೆಣೆದ ರೀತಿಗೆ ತಕ್ಕಂತೆ ಹೆಣ್ಣು ಗಂಡಿನ ಅಂತರ ಹಿಗ್ಗುತ್ತದೆ, ಕುಗ್ಗುತ್ತದೆ. ಈ ಪರೀಕ್ಷೆಗಳ ಹಿರಿಯಜ್ಜಿ ಎನ್ನಬಹುದಾದ ‘ಸ್ಟ್ರಾಂಗ್’ ಪ್ರಶ್ನಾವಳಿ ಗಂಡಸರಿಗೆ ನೀಲಿ, ಹೆಂಗಸರಿಗೆ ಗುಲಾಬಿ ಎಂದು ಬೇರೆ ಬೇರೆ ನಮೂನೆಗಳಲ್ಲಿ ಬರುತ್ತಿತ್ತು. ಎರಡನ್ನೂ ಒಂದು ಮಾಡಿದ್ದು 1974ರಲ್ಲಿ. ಬಣ್ಣ ಹೋಯಿತು, ಬಣ್ಣದ ಕಲೆ ಪೂರ್ತಿ ಹೋಗಿಲ್ಲ ಎಂಬುದು ನನ್ನ ಅನಿಸಿಕೆ.

ಅದಕ್ಕಿಂತ ಮುಖ್ಯವಾದದ್ದು ಪರೀಕ್ಷೆ ಮಾಡಿಸಿದ ವಯಸ್ಸು. ಒಂದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನು ಕೆವಿನ್ ಹಾಫ್ ಮತ್ತು ಸಂಗಡಿಗರು 2018ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಹದಿಹರೆಯದ ಆರಂಭದಲ್ಲಿ ಆಸಕ್ತಿಗಳು ಸಿದ್ಧ ಅಚ್ಚಿನ ಕಡೆಗೇ ಜರುಗುತ್ತವೆ, ಹುಡುಗಿ ‘ಹುಡುಗಿ’ಯ ಕಡೆಗೆ, ಹುಡುಗ ‘ಹುಡುಗ’ನ ಕಡೆಗೆ. ವಯಸ್ಸು ಮಾಗಿದಂತೆ ಈ ಅಂತರ ಒಟ್ಟಾರೆಯಾಗಿ ಕಡಿಮೆಯಾಗುತ್ತದೆ. ಮೈ ಬದಲಾಗುತ್ತಿರುವ ಕಾಲ ಇದು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನಿಸುವ, ಗುಂಪಿನಿಂದ ಒಂದಿಂಚು ಹೊರಗೆ ನಿಂತರೂ ಜೀವ ಹೋದಂತಾಗುವ ವಯಸ್ಸು. ಆ ಹೊತ್ತಿನಲ್ಲಿ ಒಂದು ಹಾಳೆ ಕೊಟ್ಟು ‘ನಿನಗೇನಿಷ್ಟ ಬರಿ’ ಎಂದರೆ ಮಗು ಬರೆಯುವುದು ಬಹುಪಾಲು ‘ನನ್ನಂಥವರಿಗೆ ಏನಿಷ್ಟವಿರಬೇಕು’ ಎಂಬುದನ್ನು.

ಹಾಗೆಂದು "ವಯಸ್ಸು, ಸರಿಹೋಗುತ್ತೆ" ಎಂದು ಬಿಡುವಂತೆಯೂ ಇಲ್ಲ. ರಾಬರ್ಟ್ ತಾಯ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದಲ್ಲಿ ಎಂಟನೇ ತರಗತಿಯಲ್ಲಿದ್ದಾಗ ‘ಮೂವತ್ತಕ್ಕೆ ನಾನು ವಿಜ್ಞಾನದ ಕೆಲಸದಲ್ಲಿರುತ್ತೇನೆ’ ಎಂದಿದ್ದ ಮಕ್ಕಳನ್ನು, ಮುಂದೆ ಪದವಿ ಪಡೆದವರಾದ ಮೇಲೆ, ಹಾಗೆ ಹೇಳದವರೊಂದಿಗೆ ಹೋಲಿಸಿದರು. ಅವರು ಜೀವವಿಜ್ಞಾನದ ಪದವಿ ಪಡೆಯುವ ಸಾಧ್ಯತೆ 1.9 ಪಟ್ಟು, ಭೌತವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಪಡೆಯುವ ಸಾಧ್ಯತೆ 3.4 ಪಟ್ಟು ಹೆಚ್ಚಿತ್ತು. ವೃತ್ತಿಯ ಹೆಸರು ಹತ್ತು ಸಲ ಬದಲಾಗಬಹುದು, ಯಾವ ದಿಕ್ಕಿಗೆ ಮುಖ ಮಾಡಿದ್ದಾರೆ ಎಂಬುದು ಉಳಿದುಬಿಡುತ್ತದೆ. ಬಿಟ್ಟ ಗಣಿತವನ್ನು ಮತ್ತೆ ಹಿಡಿಯುವುದಂತೂ ಬಲು ಕಷ್ಟ.

ಮಗಳು ‘ಡಾಕ್ಟರ್’ ಎಂದದ್ದಕ್ಕೆ ನನ್ನದೇನೂ ತಕರಾರಿಲ್ಲ. ನಿಮಗೂ ಇರಬಾರದು. ಹಲವು ದೇಶಗಳ 15 ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಎಂಬ ಸಮೀಕ್ಷೆಯಿದೆ. 2018ರ ಸುತ್ತಿನಲ್ಲಿ, ಗಣಿತ ವಿಜ್ಞಾನಗಳಲ್ಲಿ ಮುಂದಿದ್ದ 15 ವರ್ಷದವರ ಪೈಕಿ ಹುಡುಗಿಯರಲ್ಲಿ ಸುಮಾರು ಮೂವರಿಗೊಬ್ಬರು ಆರೋಗ್ಯ ಕ್ಷೇತ್ರದ ವೃತ್ತಿಯನ್ನು ನಿರೀಕ್ಷಿಸಿದ್ದರು, ಹುಡುಗರಲ್ಲಿ ಎಂಟು ಮಂದಿಗೊಬ್ಬರು. ಎಂಜಿನಿಯರಿಂಗ್, ವಿಜ್ಞಾನದ ವೃತ್ತಿಗಳಿಗೆ ಬಂದರೆ ಹುಡುಗರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು, ಹುಡುಗಿಯರಲ್ಲಿ ಆರು ಮಂದಿಗೊಬ್ಬರಿಗಿಂತ ಕಡಿಮೆ. ಇವರೆಲ್ಲ ಅಂಕಗಳಲ್ಲಿ ಸರಿಸಮಾನರು ಎಂಬುದನ್ನು ಮರೆಯಬೇಡಿ. ಜಾಣ ಹುಡುಗಿಯರು ವಿಜ್ಞಾನಕ್ಕೆ ಬೆನ್ನು ಹಾಕುತ್ತಿಲ್ಲ, ವಿಜ್ಞಾನದೊಳಗೇ ಮನುಷ್ಯರಿರುವ ಕೋಣೆಯನ್ನು ಹುಡುಕುತ್ತಿದ್ದಾರೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಹೆತ್ತವರು ಹೆಚ್ಚಾಗಿ ಗಮನಿಸದಂಥದ್ದು. ಮಕ್ಕಳು ತಮ್ಮನ್ನು ಪಕ್ಕದ ಬೆಂಚಿನವರೊಂದಿಗೆ ಮಾತ್ರ ಹೋಲಿಸಿಕೊಳ್ಳುವುದಿಲ್ಲ. ತಮ್ಮದೇ ಒಂದು ವಿಷಯವನ್ನು ಇನ್ನೊಂದರೊಂದಿಗೆ ತೂಗಿ ನೋಡುತ್ತಾರೆ. ಗಣಿತದಲ್ಲಿ 90, ಭಾಷೆಯಲ್ಲಿ 95 ಬಂದ ಹುಡುಗಿ ‘ನಾನು ಭಾಷೆಯವಳು’ ಎಂದುಕೊಳ್ಳುತ್ತಾಳೆ. ಗಣಿತದಲ್ಲಿ 80, ಭಾಷೆಯಲ್ಲಿ 65 ಬಂದ ಹುಡುಗ ‘ನಾನು ಗಣಿತದವನು’ ಎಂದು ಹೊರಟುಬಿಡುತ್ತಾನೆ! ಓದು ಬರಹದಲ್ಲಿ ಹುಡುಗಿಯರು ಸರಾಸರಿ ಮುಂದಿರುವುದರಿಂದ ಈ ಆಟದಲ್ಲಿ ಗಣಿತಕ್ಕೆ ಸೋಲು ಅವರಲ್ಲೇ ಹೆಚ್ಚು. ಪೀಸಾ ಅಂಕಿಗಳನ್ನೇ ಇಟ್ಟುಕೊಂಡು 2019ರಲ್ಲಿ ಥಾಮಸ್ ಬ್ರೆಡಾ ಮತ್ತು ಕ್ಲೋಟಿಲ್ಡ್ ನ್ಯಾಪ್ ಮಾಡಿದ ಲೆಕ್ಕದ ಪ್ರಕಾರ, ಗಣಿತ ಪ್ರಧಾನವಾದ ಓದನ್ನು ಆರಿಸಿಕೊಳ್ಳುವ ಇರಾದೆಯಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರದ ಶೇ 80ರಷ್ಟನ್ನು ಈ ತೂಕದ ಆಟವೇ ವಿವರಿಸಬಲ್ಲದು. ನಿಮ್ಮ ಮಗಳ ಭಾಷಾ ವಿಷಯಗಳ ಅಂಕ ನೀವು ಬರೆದಿಲ್ಲ. ತೆಗೆದು ನೋಡಿ, ಅವೂ ಚೆನ್ನಾಗಿರುತ್ತವೆ ಎಂದು ಬಾಜಿ ಕಟ್ಟಬಲ್ಲೆ. ಎರಡೂ ಕೈಯಲ್ಲಿ ಬರೆಯಬಲ್ಲವಳಿಗೆ ದಾರಿಗಳು ಹೆಚ್ಚು. ಅದು ಕೊರತೆಯಲ್ಲ, ಸಂಪತ್ತು.

ಈಗ ಮಗನ ವಿಷಯ. ನಿಮ್ಮ ಪತ್ರದಲ್ಲಿ ಅವನಿಗೆ ಸಿಕ್ಕಿದ್ದು ಎರಡೇ ಸಾಲು. ನಿಮ್ಮೊಬ್ಬರದೇ ಅಲ್ಲ, ಈ ವಿಷಯದ ಚರ್ಚೆಗಳೆಲ್ಲ ಹೀಗೆಯೇ ನಡೆಯುತ್ತವೆ. ಹುಡುಗಿಯರನ್ನು ವಿಜ್ಞಾನಕ್ಕೆ ಕರೆತರುವ ಮಾತು ಸಾಕಷ್ಟಿದೆ. ಹುಡುಗರನ್ನು ಆರೈಕೆಯ, ಕಲಿಸುವ ಕೆಲಸಗಳಿಗೆ ಕರೆತರುವ ಮಾತು ತೀರಾ ಕಡಿಮೆ. ನನಗೆ ಮಗಳಿಗಿಂತ ಮಗನ ಬಗ್ಗೆಯೇ ಕೊಂಚ ಹೆಚ್ಚು ಯೋಚನೆಯಾಗುತ್ತಿದೆ. ಬೇಲಿ ದಾಟಿದ ಹುಡುಗಿಗೆ ಇವತ್ತು ಶಹಬ್ಬಾಸ್ ಸಿಗುತ್ತದೆ. ಬೇಲಿ ದಾಟಿದ ಹುಡುಗನಿಗೆ ಸಿಗುವುದು ಗೇಲಿ. ಮಗುವನ್ನು ಆಡಿಸುವುದರಲ್ಲಿ ಜಾಣ ಎಂದು ನೀವು ಹೊಗಳಿದಾಗ ಅವನಿಗೆ ಕೇಳಿಸಿದ್ದು ಹೊಗಳಿಕೆಯಲ್ಲ, ನಾಳೆ ಗೆಳೆಯರ ಬಾಯಲ್ಲಿ ಅದು ಏನಾಗುತ್ತದೋ ಅದು. ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

‘ಗೇಮ್ ಡೆವಲಪರ್’ ಎಂಬುದು ಯೋಜನೆಯೋ, ಮರೆಯೋ? ಪರೀಕ್ಷಿಸುವುದು ಸುಲಭ. ಒಂದು ಪುಟ್ಟ ಆಟವನ್ನು ಮಾಡಲು ಕೂರಿಸಿ. ಎರಡು ವಾರದ ಮೇಲೂ ಕೂತಿದ್ದರೆ ಅದು ಆಸಕ್ತಿ. ಆಡುವುದಷ್ಟೇ ಇಷ್ಟವೆಂದು ಗೊತ್ತಾದರೆ ಅದೂ ಒಂದು ತಿಳಿವಳಿಕೆಯೇ, ಅದಕ್ಕಾಗಿ ಹಂಗಿಸಬೇಡಿ. ‘ಗೆಳೆಯರೆಲ್ಲ ಹೇಳುವ ಹಾಗೆ’ ಎಂದು ಬರೆದಿದ್ದೀರಿ. ಅದೇ ಪೀಸಾ ಅಂಕಿಗಳಿಂದ ತಿಳಿದಂತೆ, 41 ದೇಶಗಳ ಹದಿನೈದು ವರ್ಷದ ಹುಡುಗರಲ್ಲಿ ಶೇ 47, ಹುಡುಗಿಯರಲ್ಲಿ ಶೇ 53 ಮಂದಿ ಹೆಸರಿಸಿದ್ದು ಕೇವಲ ಹತ್ತು ಜನಪ್ರಿಯ ವೃತ್ತಿಗಳಲ್ಲಿ ಒಂದನ್ನು. ಮಕ್ಕಳಿಗೆ ಗೊತ್ತಿರುವ ಕೆಲಸಗಳೇ ಅಷ್ಟು. ಗೊತ್ತಿಲ್ಲದ್ದರ ಮೇಲೆ ಆಸೆ ಹುಟ್ಟುವುದು ಹೇಗೆ?

ಇನ್ನು ಅವನ ಉತ್ಸಾಹದ ಮಾತು. ಓದಿನ ಹುರುಪು ಪ್ರಾಥಮಿಕ ಶಾಲೆಯಿಂದ ಮೇಲೆ ಹೋದಂತೆ ಹುಡುಗರಲ್ಲೂ ಹುಡುಗಿಯರಲ್ಲೂ ಸರಾಸರಿ ಇಳಿಯುತ್ತಲೇ ಹೋಗುತ್ತದೆ. ಇದನ್ನು ತೋರಿಸಿದ ಅಧ್ಯಯನಗಳು ಹಲವು. ಅಂಕಗಳಲ್ಲಿ ಮಾತ್ರ ಹುಡುಗಿಯರು ಬಹುತೇಕ ಎಲ್ಲ ವಿಷಯಗಳಲ್ಲೂ ಕೊಂಚ ಮುಂದಿರುತ್ತಾರೆ. ಬುದ್ಧಿಯಲ್ಲಿ ಅಂಥ ಅಂತರವೇನಿಲ್ಲ. ನಾನು ಕಂಡಂತೆ, ಈ ವಯಸ್ಸಿನ ಹುಡುಗರ ಗುಂಪಿನಲ್ಲಿ ಕಷ್ಟಪಟ್ಟು ಓದುವುದೇ ಒಂದು ಕಳಂಕ. ಓದದೆ ಪಾಸಾದವನು ಹೀರೊ, ಓದಿ 90 ತೆಗೆದವನು ಪುಸ್ತಕದ ಹುಳು. ಓದಿ ಸೋತರೆ ಮಾನ ಹೋಗುತ್ತದೆ, ಓದದೆ ಸೋತರೆ ‘ಓದಿರಲಿಲ್ಲ ಅಷ್ಟೇ’ ಎಂಬ ನೆಪವಾದರೂ ಉಳಿಯುತ್ತದೆ. ಸೋಮಾರಿತನ ಎಂದು ನಾವು ಬೈಯುವುದರಲ್ಲಿ ಎಷ್ಟೋ ಪಾಲು ಈ ಮಾನ ಉಳಿಸಿಕೊಳ್ಳುವ ಲೆಕ್ಕಾಚಾರ.

ಉತ್ಸಾಹ ಎಂಬುದು ಒಂದೇ ಪಾತ್ರೆಯಲ್ಲಿ ತುಂಬಿರುವ, ತಳ ಕಂಡರೆ ಮತ್ತೆ ಸುರಿಯಬೇಕಾದ ವಸ್ತುವಲ್ಲ. ಜಾಕ್ವೆಲಿನ್ ಎಕಲ್ಸ್ ಮತ್ತು ಸಂಗಡಿಗರು 1983ರಿಂದ ಬೆಳೆಸಿಕೊಂಡು ಬಂದ ವಿವರಣೆಯನ್ನು ನಾನು ದಿನನಿತ್ಯ ಬಳಸುತ್ತೇನೆ. ಮಗು ಒಂದು ಕೆಲಸಕ್ಕೆ ಕೈಹಾಕುವ ಮುನ್ನ ಒಳಗೊಳಗೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ: ‘ನನ್ನಿಂದ ಆಗುತ್ತದೆಯೇ?’, ‘ಆದರೂ ನನಗೇಕೆ ಬೇಕು?’ ಎರಡಕ್ಕೂ ‘ಹೂಂ’ ಎಂಬ ಉತ್ತರ ಬಂದರೆ ಮಾತ್ರ ಕೈ ಮುಂದಾಗುತ್ತದೆ. ನಿಮ್ಮ ಮಗಳು ಮೊದಲನೆಯದಕ್ಕೆ ಹೂಂ ಎಂದಿದ್ದಾಳೆ, ಎರಡನೆಯದರಲ್ಲಿ ನಿಂತಿದ್ದಾಳೆ. ಅವಳಿಗೆ "ನಿನ್ನಿಂದ ಆಗುತ್ತೆ ಪುಟ್ಟಾ" ಎಂದು ದಿನಕ್ಕೆ ಹತ್ತು ಸಲ ಹೇಳಿದರೆ ಉಪಯೋಗವಿಲ್ಲ, ಅದು ಅವಳಿಗೆ ಗೊತ್ತಿದೆ. ಕೃತಕ ಕೈ ಮಾಡುವವರು, ಕಿವಿ ಕೇಳದವರಿಗೆ ಯಂತ್ರ ಮಾಡುವವರು, ಕುಡಿಯುವ ನೀರು ಶುದ್ಧ ಮಾಡುವವರು ಎಲ್ಲ ಎಂಜಿನಿಯರ್‌ಗಳೇ ಎಂಬುದು ಅವಳಿಗೆ ಗೊತ್ತಿಲ್ಲದಿರಬಹುದು. ಜನರಿಗೆ ಉಪಯೋಗವಾಗುವ ಕೆಲಸ ಬೇಕೆಂಬ ಅವಳ ಆಸೆಗೂ ಸ್ಕ್ರೂಡ್ರೈವರ್‌ಗೂ ಜಗಳವಿಲ್ಲ ಎಂದು ಕಂಡರೆ ಸಾಕು. ಮಗ ಎರಡರಲ್ಲಿ ಎಲ್ಲಿ ನಿಂತಿದ್ದಾನೆ ಎಂಬುದು ನನಗೆ ಪತ್ರದಿಂದ ತಿಳಿಯಲಿಲ್ಲ. ಕೇಳಿ ನೋಡಿ, ಆದರೆ ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಹನ್ನೆರಡರ ಹುಡುಗರು ಮಾತಾಡುವುದು ಅಕ್ಕಪಕ್ಕದಲ್ಲಿ ನಡೆಯುವಾಗ, ಕೈಗೆ ಬೇರೇನೋ ಕೆಲಸವಿರುವಾಗ.

ಮನೆಯಲ್ಲಿ ಏನು ಬದಲಿಸಬಹುದು? ಮೊದಲು ನಾವು ಯಾರಿಗೆ ಏನನ್ನು ವಿವರಿಸುತ್ತೇವೆ ಎಂದು ಗಮನಿಸಿ. ಕೆವಿನ್ ಕ್ರೌಲಿ ಮತ್ತು ಸಂಗಡಿಗರು ವಿಜ್ಞಾನ ಸಂಗ್ರಹಾಲಯಕ್ಕೆ ಬಂದ ಕುಟುಂಬಗಳ ಮಾತನ್ನು ದಾಖಲಿಸಿ 2001ರಲ್ಲಿ ಪ್ರಕಟಿಸಿದರು. ಹೆತ್ತವರು ಮಗ, ಮಗಳು ಇಬ್ಬರೊಂದಿಗೂ ಧಾರಾಳವಾಗಿ ಮಾತಾಡುತ್ತಿದ್ದರು. ಆದರೆ ‘ಇದು ಹೀಗೇಕಾಗುತ್ತದೆ’ ಎಂದು ವಿವರಿಸುವ ಸಾಧ್ಯತೆ ಗಂಡುಮಕ್ಕಳ ಜೊತೆ ಮೂರು ಪಟ್ಟು ಹೆಚ್ಚು. ಯಾರೂ ಬೇಕೆಂದು ಮಾಡಿದ್ದಲ್ಲ. ಅಲಿಸಾ ಕ್ರಾಫ್ಟ್ ತಂಡ 7ರಿಂದ 13 ವರ್ಷದ ಮಕ್ಕಳಿರುವ ಮನೆಗಳನ್ನು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ ಫಲಿತಾಂಶ ನನಗೆ ಇನ್ನೂ ಇಷ್ಟ: ಮನೆಗೆಲಸದಲ್ಲಿ ಸರಿಪಾಲು ಹೊರುವ ಅಪ್ಪಂದಿರ ಹೆಣ್ಣುಮಕ್ಕಳ ಕನಸುಗಳು ‘ಹುಡುಗಿಯರ ಕೆಲಸ’ದ ಬೇಲಿಯೊಳಗೆ ಅಷ್ಟಾಗಿ ಸಿಕ್ಕಿಕೊಂಡಿರಲಿಲ್ಲ. ಅಪ್ಪ ಬಾಯಲ್ಲಿ ಏನು ಹೇಳುತ್ತಿದ್ದ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೂ ಈ ನಂಟು ಉಳಿಯಿತು. ಮಗ ಮಗುವನ್ನು ಎತ್ತಿಕೊಂಡು ಆಡಿಸುವುದನ್ನು ಅಪ್ಪನೂ ಮಾಡಿದರೆ, ನೀವು ಹೊಗಳುವ ಅಗತ್ಯವೇ ಬೀಳುವುದಿಲ್ಲ.

"ಹುಡುಗಿಯರೂ ಗಣಿತದಲ್ಲಿ ಹುಡುಗರಷ್ಟೇ ಜಾಣೆಯರು" ಎಂಬ ಮಾತನ್ನು ಬಿಟ್ಟುಬಿಡಿ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಆ ವಾಕ್ಯದಲ್ಲಿ ಅಳತೆಗೋಲು ಹುಡುಗನ ಕೈಯಲ್ಲಿದೆ. ಇಂಥ ವಾಕ್ಯ ಕೇಳಿದವರು ಹುಡುಗರೇ ಸಹಜವಾಗಿ ಜಾಣರು ಎಂದು ಅರ್ಥ ಮಾಡಿಕೊಳ್ಳುತ್ತಾರೆ ಎಂದು 2018ರ ಅಧ್ಯಯನವೊಂದು ತೋರಿಸಿದೆ. ಹಾಗೆಯೇ "ನೀನು ಏನಾಗ್ತೀಯ?" ಎಂಬುದರ ಬದಲು "ಈ ವಾರ ಏನು ಮಾಡಿ ನೋಡೋಣ?" ಎಂದು ಕೇಳಿ. ‘ಆಗುವುದು’ ಒಂದು ಗುರುತಿನ ಚೀಟಿ, ಅದರ ಮೇಲೆ ಯಾರ ಫೋಟೊ ಇದೆ ಎಂದು ಮಗು ನೋಡುತ್ತದೆ. ‘ಮಾಡುವುದು’ ಬರೀ ಕೆಲಸ. ಪುಟ್ಟ ಮಕ್ಕಳ ಮೇಲೆ ನಡೆದ ಪ್ರಯೋಗಗಳಲ್ಲಿ "ವಿಜ್ಞಾನಿಗಳಾಗೋಣ" ಎನ್ನುವುದಕ್ಕಿಂತ "ವಿಜ್ಞಾನ ಮಾಡೋಣ" ಎಂದಾಗ ಹುಡುಗಿಯರು ಹೆಚ್ಚು ಹೊತ್ತು ಬಿಡದೆ ಕೂತರು.

ಮುಂದಿನ ಸಲ ರಿಮೋಟು ಕೆಟ್ಟಾಗ ಹೊಸದು ತರಲು ಅವಸರ ಮಾಡಬೇಡಿ. ಮೇಜಿನ ಮೇಲೆ ಒಂದು ವಾರ ಬಿದ್ದಿರಲಿ. ಪಕ್ಕದಲ್ಲಿ ಸ್ಕ್ರೂಡ್ರೈವರ್ ಇರಲಿ. "ಬಾ, ನೀನು ಮೊದಲೆಲ್ಲ ಬಿಚ್ಚುತ್ತಿದ್ದೆಯಲ್ಲ" ಎಂದು ಕರೆದರೆ ಕೆಟ್ಟಿತು. ಕಾರ್ಡಿನ ಆಟವನ್ನು ಮನೆಯಲ್ಲೇ ಆಡಬಹುದು. ಹಳೆಯ ನೋಟುಪುಸ್ತಕದ ಹಾಳೆ ಕತ್ತರಿಸಿ ನಲವತ್ತು ಕೆಲಸಗಳ ಹೆಸರು ಬರೆಯಿರಿ, ಅರ್ಧದಷ್ಟಾದರೂ ಮಕ್ಕಳು ಕೇಳಿರದವು ಇರಲಿ. ಅಪ್ಪ, ಅಮ್ಮನೂ ಆಡಬೇಕು. ‘ಬೇಡ’ ಗುಡ್ಡೆಯಿಂದ ಒಂದೊಂದೇ ಎತ್ತಿ "ಇದು ಯಾಕೆ ಬೇಡ?" ಎಂದು ಕೇಳಿ, ಉತ್ತರ ಬಂದಮೇಲೆ ಬಾಯಿ ಮುಚ್ಚಿಕೊಂಡಿರಿ. "ರಕ್ತ ನೋಡಕ್ಕಾಗಲ್ಲ", "ಒಂದೇ ಕಡೆ ಕೂತಿರಕ್ಕಾಗಲ್ಲ" ಎಂದರೆ ಅದು ನಿಜವಾದ ಬೇಡ, ಗೌರವಿಸಿ. "ಗೊತ್ತಿಲ್ಲ, ಸುಮ್ನೆ", "ಅದು ಅವರ ಕೆಲಸ" ಎಂದರೆ ಆ ಕಾರ್ಡನ್ನು ತೆಗೆದು ‘ಗೊತ್ತಿಲ್ಲ’ ಗುಡ್ಡೆಗೆ ಹಾಕಿ. ಸಾಧ್ಯವಾದರೆ ಆ ಕೆಲಸ ಮಾಡುವ ಒಬ್ಬರನ್ನು ಭೇಟಿ ಮಾಡಿಸಿ. ಎಲ್ಲೋ ಪ್ರಶಸ್ತಿ ಗೆದ್ದ ಮಹಾಸಾಧಕರು ಬೇಡ, ಸಂಜೆ ಮನೆಗೆ ಬಂದು ಟಿ.ವಿ. ನೋಡುವ ಸಾಮಾನ್ಯರು ಸಾಕು.

ವಿಷಯ ಆರಿಸಿಕೊಳ್ಳುವ ಹಂತ ಬಂದಾಗ ಒಂದೇ ಒಂದು ಹಟ ಹಿಡಿಯಿರಿ, ಇಬ್ಬರ ವಿಷಯದಲ್ಲೂ: ಗಣಿತವನ್ನೂ ಭಾಷೆಯನ್ನೂ ಎಷ್ಟು ವರ್ಷ ಸಾಧ್ಯವೋ ಅಷ್ಟು ವರ್ಷ ಬಿಡದಿರಲಿ. ಯಾವ ಬಾಗಿಲೊಳಗೆ ಹೋಗಬೇಕೆಂದು ನೀವು ಹೇಳುತ್ತಿಲ್ಲ, ಬಾಗಿಲುಗಳನ್ನು ತೆರೆದಿಡುತ್ತಿದ್ದೀರಿ. ಇದನ್ನು ಒತ್ತಾಯ ಎನ್ನುವುದಾದರೆ ಅಷ್ಟು ಒತ್ತಾಯ ಇರಲಿ.

ಮಗನ ವಿಷಯದಲ್ಲಿ ಒಂದು ಎಚ್ಚರಿಕೆ. ಓದು ಬೇಸರವಾದರೂ ಆಟ, ಗೆಳೆಯರು, ಊಟ, ನಿದ್ದೆ ಸರಿಯಿದ್ದರೆ ಇದು ವಯಸ್ಸಿನ ಮಾತು. ಅವೂ ಬೇಡವಾಗಿ, ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವು ಬರುತ್ತಿದ್ದರೆ, ಅದು ವೃತ್ತಿಯ ಪ್ರಶ್ನೆಯಾಗಿ ಉಳಿದಿರುವುದಿಲ್ಲ. ತಡಮಾಡದೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ.

ಆಸಕ್ತಿ ಪರೀಕ್ಷೆಯ ವರದಿಯನ್ನು ಎಸೆಯಬೇಡಿ. ಮೇಲೆ ತಾರೀಖು ಬರೆದು ಎತ್ತಿಡಿ. ಇಬ್ಬರಿಗೂ ಹದಿನಾರು ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ, ಎರಡೂ ವರದಿಗಳನ್ನು ಅವರ ಕೈಗೇ ಕೊಡಿ.